ಮಗುವಿನ ಮೂತ್ರಪಿಂಡರೋಗವೂ ಸುಶಿಕ್ಷಿತ ಮನೆಗಳ ಕರ್ತವ್ಯವೂ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕನ್ನಡ ಮನೆಗಳಲ್ಲಿ ಅರಿಯದವರಿಲ್ಲ. ಆದರೆ ಮೂತ್ರಪಿಂಡದ ರೋಗ ಹತ್ತಿದ ಎಳೆಯ ಮಗುವೊಂದು ಮನೆಯಲ್ಲಿದ್ದಾಗ ಈ ಗಾದೆಯ ಎರಡು ಮಾತುಗಳೂ ತಲೆಕೆಳಗಾಗುವುದನ್ನು ಕಾಣಬಹುದು. ಉಪ್ಪನ್ನು ಆ ಮಗುವಿನ ಎಲೆಯಿಂದ ಮಾತ್ರ ತೆಗೆದು, ಉಳಿದವರು ಅದರ ಕಣ್ಣೆದುರಿಗೇ ಉಪ್ಪಿನಕಾಯಿ ಹಪ್ಪಳಗಳೊಡನೆ ಎಂದಿನಂತೆ ಉಣ್ಣುತ್ತಾರೆ. ತಾಯಿಯನ್ನು ಬಂಧುವೆಂದು ಕಾಣದೆ ಅಪರಾಧಿಯೆಂದು ಕಾಣುತ್ತಾರೆ. ಇದು ಓದುಬರಹವಿಲ್ಲದವರ ಮನೆಯ ಮಾತೆಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಓದಿಲ್ಲದವನು ವೈದ್ಯನ ಮಾತನ್ನು ಕೇಳಿಯಾದರೂ ಕೇಳುತ್ತಾನೆ. ಗೋಡೆಯ ಮೇಲೆ ಪದವಿಪತ್ರಗಳು ತೂಗುತ್ತಿರುವ, ಕಪಾಟಿನಲ್ಲಿ ಗ್ರಂಥಗಳು ಸಾಲುಗೊಂಡಿರುವ ಮನೆಗಳಲ್ಲಿಯೇ ವೈದ್ಯನ ಚೀಟಿಯನ್ನು ತಿದ್ದುವ ಧೈರ್ಯ ಹೆಚ್ಚು. ಆದುದರಿಂದ ಪ್ರಕೃತ ದೂರು ಇರುವುದು ಆ ಮನೆಗಳ ಮೇಲೆಯೇ.

ಮೊದಲು ರೋಗದ ಸ್ವರೂಪವನ್ನು ತಿಳಿಯುವುದು ಅವಶ್ಯ. ಮಕ್ಕಳಿಗೆ ಬರುವ ಮೂತ್ರಪಿಂಡರೋಗಗಳು ಹಲವು. ಹುಟ್ಟಿನಿಂದಲೇ ಮೂತ್ರನಾಳದಲ್ಲಿ ತಡೆ ಇರುವುದುಂಟು, ಮೂತ್ರಪಿಂಡವೇ ಸರಿಯಾಗಿ ಬೆಳೆಯದೆ ಇರುವುದುಂಟು. ಅವುಗಳಲ್ಲಿ ವೈದ್ಯರು ಮೇಲಿಂದ ಮೇಲೆ ಕಾಣುವುದು ನೆಫ್ರೋಟಿಕ್ ಸಿಂಡ್ರೋಮ್ ಎಂಬುದು. ಮೂತ್ರಪಿಂಡವು ರಕ್ತವನ್ನು ಸೋಸುವ ಜರಡಿ. ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಕಲ್ಮಷವನ್ನು ಹೊರಗೆ ಬಿಟ್ಟು, ರಕ್ತದಲ್ಲಿರುವ ಆಲ್ಬುಮಿನ್ ಮೊದಲಾದ ಸಸಾರಜನಕ ದ್ರವ್ಯಗಳನ್ನು ಒಳಗೇ ಉಳಿಸಿಕೊಳ್ಳುವುದು ಈ ಜರಡಿಯ ಧರ್ಮ. ಈ ರೋಗದಲ್ಲಿ ಜರಡಿಯ ಕಣ್ಣು ಸಡಿಲಾಗಿ ಆಲ್ಬುಮಿನ್ ಮೂತ್ರದಲ್ಲಿ ಹರಿದುಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದೊಡನೆ ನೀರು ರಕ್ತನಾಳಗಳಲ್ಲಿ ನಿಲ್ಲದೆ ಅಂಗಾಂಶಗಳಿಗೆ ಇಳಿಯುತ್ತದೆ. ಬೆಳಗ್ಗೆ ಎದ್ದಾಗ ಕಣ್ಣುರೆಪ್ಪೆ ಊದಿರುತ್ತದೆ. ಸಂಜೆಗೆ ಪಾದ ಊದುತ್ತದೆ. ಕೆಲವು ದಿನಗಳಲ್ಲಿ ಹೊಟ್ಟೆ ಡೊಳ್ಳಾಗುತ್ತದೆ. ಮೂತ್ರ ಕಡಿಮೆಯಾಗಿ ನೊರೆಗೂಡುತ್ತದೆ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ, ಅದರಲ್ಲಿಯೂ ಗಂಡುಮಕ್ಕಳಲ್ಲಿ, ಇದು ಹೆಚ್ಚು. ದಕ್ಷಿಣ ಏಷ್ಯಾ ಮೂಲದ ಮಕ್ಕಳಿಗೆ ಯೂರೋಪಿನ ಮಕ್ಕಳಿಗಿಂತ ಇದು ಅಧಿಕವಾಗಿ ಬರುವುದೆಂದು ಇಂಗ್ಲೆಂಡಿನಲ್ಲಿ ನಡೆದ ಶೋಧನೆಗಳಿಂದಲೇ ತಿಳಿದುಬಂದಿದೆ.

ಈ ರೋಗದ ಇತಿಹಾಸವನ್ನು ಬಲ್ಲವರು ಇಂದಿನ ಚಿಕಿತ್ಸೆಯನ್ನು ಹಗುರವಾಗಿ ನುಡಿಯಲಾರರು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟನು ಮೈಯ ಬಾವಿಗೂ, ಕಾಯಿಸಿದರೆ ಹೆಪ್ಪುಗಟ್ಟುವ ಮೂತ್ರಕ್ಕೂ, ಮೂತ್ರಪಿಂಡದ ವಿಕಾರಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಲೋಕಕ್ಕೆ ತೋರಿಸಿಕೊಟ್ಟನು. ಒಂದು ಚಮಚ ಮತ್ತು ಮೇಣದ ಬತ್ತಿಯ ಉರಿ, ಇಷ್ಟೇ ಆ ಪರೀಕ್ಷೆಯ ಸಾಧನ. ರೋಗವನ್ನು ಗುರುತಿಸುವುದು ಸಾಧ್ಯವಾಯಿತೇ ಹೊರತು ಅದಕ್ಕೆ ಮದ್ದು ದೊರೆಯಲು ಇನ್ನೂ ನೂರು ವರ್ಷಗಳಿಗೆ ಮೇಲಾಯಿತು. ಅಷ್ಟು ಕಾಲವೂ ಈ ರೋಗ ಹಿಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬದುಕಿ ಉಳಿಯುತ್ತಿರಲಿಲ್ಲ. ಅವರನ್ನು ಕೊಂದುದು ಬಹುಮಟ್ಟಿಗೆ ಬಾವಲ್ಲ. ರಕ್ಷಕದ್ರವ್ಯಗಳೂ ಮೂತ್ರದಲ್ಲಿ ಹರಿದುಹೋಗಿ ಬಲಗುಂದಿದ ದೇಹಕ್ಕೆ ನುಗ್ಗಿದ ಸೋಂಕು. 1930ರ ದಶಕದ ಸಲ್ಫಾ ಮದ್ದುಗಳೂ 1940ರ ದಶಕದ ಪೆನಿಸಿಲಿನ್ನೂ ಆ ಸಾವುಗಳನ್ನು ತಗ್ಗಿಸಿದವು. 1950ರ ಸುಮಾರಿಗೆ ಕಾರ್ಟಿಸೋನ್ ಜಾತಿಯ ಮದ್ದುಗಳು ಬಂದ ಮೇಲೆಯೇ ಮೂತ್ರದಲ್ಲಿ ಆಲ್ಬುಮಿನ್ ಹೋಗುವುದನ್ನು ನಿಲ್ಲಿಸುವ ಶಕ್ತಿ ವೈದ್ಯರ ಕೈಗೆ ಬಂದಿತು. ಇಂದು ಕೊಡುವ ಪ್ರೆಡ್ನಿಸೊಲೋನ್ ಆ ಜಾತಿಯದೇ. ಅದರ ಗುಳಿಗೆ ಬಡವನಿಗೂ ಕೈಗೆಟಕುವಷ್ಟು ಅಗ್ಗ. ಮೊದಲ ಬಾರಿ ಈ ಮದ್ದು ಪಡೆದ 100 ಮಕ್ಕಳಲ್ಲಿ 85ಕ್ಕೂ ಮಿಕ್ಕಿ ಮಕ್ಕಳ ಮೂತ್ರ ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಶುದ್ಧವಾಗುತ್ತದೆ. ಮೂರು ತಲೆಮಾರಿನ ಹಿಂದಿನ ತಂದೆತಾಯಿಗಳು ಇಂಥ ಮದ್ದನ್ನು ಕಂಡಿದ್ದರೆ ದೇವರ ಪ್ರಸಾದವೆಂದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಹೀಗಿರಲು ಸುಶಿಕ್ಷಿತ ಮನೆಗಳಲ್ಲಿ ನಡೆಯುವುದೇನು?

ಮೊದಲನೆಯದು ಕಾಲಹರಣ. ಮಗುವಿನ ಕೆನ್ನೆ ತುಂಬಿದುದನ್ನು ನೋಡಿ, ಮೈತುಂಬಿಕೊಂಡಿದೆ ಎಂದು ಅಜ್ಜಿ ಸಂತೋಷಪಡುತ್ತಾಳೆ. ರೆಪ್ಪೆಯ ಬಾವನ್ನು ಧೂಳಿನ ಅಲರ್ಜಿಯೆಂದು ನೆರೆಯವರು ನಿರ್ಣಯಿಸುತ್ತಾರೆ. ಕಣ್ಣಿಗೆ ಹನಿಮದ್ದು ಬೀಳುತ್ತದೆ. ದೃಷ್ಟಿ ತೆಗೆಯುವುದೂ ಆಗುತ್ತದೆ. ಕೊನೆಗೆ ಹೊಟ್ಟೆ ಊದಿ ಉಸಿರು ಕಟ್ಟಿದಾಗ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಇದಕ್ಕೆಲ್ಲ ಬೇಕಾಗಿದ್ದುದು ಬೆಳಗಿನ ಒಂದಿಷ್ಟು ಮೂತ್ರದ ಪರೀಕ್ಷೆ ಮಾತ್ರ. ಎರಡು ವರ್ಷ ಕಳೆದ ಮಗುವಿನ ರೆಪ್ಪೆ ಎರಡು ಮೂರು ದಿನ ಬಿಡದೆ ಊದಿದ್ದರೆ ಮೂತ್ರ ಪರೀಕ್ಷಿಸದೆ ಯಾವ ನಿರ್ಣಯವನ್ನೂ ಮಾಡಬಾರದೆಂಬ ಒಂದು ನಿಯಮವು ಪ್ರತಿ ಮನೆಯಲ್ಲಿಯೂ ನೆಲೆಗೊಂಡರೆ ಎಷ್ಟೋ ಅನರ್ಥಗಳು ತಪ್ಪುವುವು.

ಎರಡನೆಯದು, ಎಲ್ಲಕ್ಕಿಂತ ಘೋರವಾದುದು, ಮದ್ದಿನ ವಿಷಯವಾದ ಅರೆಜ್ಞಾನ. ವೈದ್ಯರ ಚೀಟಿಯಲ್ಲಿ ಸ್ಟಿರಾಯ್ಡ್ ಎಂಬ ಜಾತಿಯ ಮದ್ದಿದೆಯೆಂದು ತಿಳಿದೊಡನೆ ಮನೆಯಲ್ಲಿ ಕೋಲಾಹಲವೇಳುತ್ತದೆ. ಮೊಬೈಲಿಗೆ ಬಂದ ಅನಾಮಧೇಯ ಸಂದೇಶವು ಶ್ರುತಿವಾಕ್ಯವಾಗುತ್ತದೆ. ವೈದ್ಯನ ಮಾತು ಸಂಶಯಾಸ್ಪದವಾಗುತ್ತದೆ. ಈ ಮದ್ದಿಗೆ ಒಂದು ಕ್ರಮವಿದೆ. ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ ಸಂಘವು 2021ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ಮೊದಲ ಸಲ ರೋಗ ಬಂದಾಗ ಆರು ವಾರ ಪ್ರತಿದಿನ, ಬಳಿಕ ಕಡಿಮೆ ಪ್ರಮಾಣದಲ್ಲಿ ಆರು ವಾರ ದಿನ ಬಿಟ್ಟು ದಿನ ಇದನ್ನು ಕೊಡಬೇಕು. ಮನೆಯ ಪಂಡಿತರು ಮಾಡುವುದೇನೆಂದರೆ, ಎರಡನೆಯ ವಾರದಲ್ಲಿ ಬಾವು ಇಳಿದುದನ್ನು ಕಂಡು, ಇನ್ನೇಕೆ ಈ ವಿಷವೆಂದು ಮದ್ದನ್ನು ಅಲ್ಲಿಗೇ ನಿಲ್ಲಿಸುವುದು. ಬಾವು ಮತ್ತೆ ಬಂದಾಗ ಮದ್ದು ನಾಟಲಿಲ್ಲವೆಂದು ದೂರುವುದೂ ಅವರೇ!

ಬಹಳ ದಿನ ಈ ಮದ್ದು ತೆಗೆದುಕೊಂಡ ದೇಹದಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ತನ್ನ ಸ್ವಂತ ಕೆಲಸವನ್ನು ತಗ್ಗಿಸಿ ವಿಶ್ರಮಿಸಿರುತ್ತದೆ. ಹಠಾತ್ತಾಗಿ ಮದ್ದು ನಿಲ್ಲಿಸಿದರೆ ಆ ಗ್ರಂಥಿಯು ತಟ್ಟನೆ ಎಚ್ಚರಗೊಳ್ಳಲಾರದು. ಆಗ ಜ್ವರವೋ ವಾಂತಿಯೋ ಬಂದಲ್ಲಿ ಮಗುವಿನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ವಿಷವೆಂದು ಬಿಟ್ಟುದು ಅಮೃತವಾಗಿತ್ತು, ಬಿಟ್ಟ ರೀತಿಯೇ ವಿಷವಾಯಿತು ಎಂಬುದನ್ನು ಆಗ ತಿಳಿದು ಪ್ರಯೋಜನವೇನು?

ಈ ಮದ್ದು ನಿರಪಾಯಕರವೆಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳುವುದು ಸತ್ಯಕ್ಕೆ ದ್ರೋಹವಾದೀತು. ಮುಖ ಚಂದ್ರಬಿಂಬದಂತೆ ಉರುಟಾಗುತ್ತದೆ, ಹಸಿವು ಮಿತಿಮೀರುತ್ತದೆ, ಮಗು ಸಿಡುಕುತ್ತದೆ, ರಾತ್ರಿ ನಿದ್ದೆಗೆಡುತ್ತದೆ. ಅದನ್ನು ವರ್ಷಗಟ್ಟಲೆ ಅತಿಯಾಗಿ ಕೊಟ್ಟರೆ ಎತ್ತರ ಕುಂಠಿತವಾಗುವುದು, ಎಲುಬು ಬಲಗುಂದುವುದು, ಕಣ್ಣಿಗೆ ಪೊರೆ ಬರುವುದು, ರಕ್ತದೊತ್ತಡ ಏರುವುದು ಎಲ್ಲವೂ ಸಂಭವ. ಆದರೆ ಈ ಆಕ್ಷೇಪಣೆಯಿಂದ ಸಿದ್ಧವಾಗುವುದು ಮದ್ದನ್ನು ಎಸೆಯಬೇಕೆಂದಲ್ಲ, ಮದ್ದನ್ನು ಕಾಯಬೇಕೆಂದು. ಎತ್ತರ, ತೂಕ, ರಕ್ತದೊತ್ತಡ, ಕಣ್ಣು ಇವುಗಳನ್ನು ಕಾಲಕಾಲಕ್ಕೆ ನೋಡಿಸಬೇಕು. ರೋಗವು ಪದೇ ಪದೇ ಮರುಕಳಿಸುವ ಮಕ್ಕಳಿಗೆ ಪ್ರೆಡ್ನಿಸೊಲೋನ್ ಭಾರವನ್ನು ಇಳಿಸಲೆಂದೇ ಲೆವಮಿಸೋಲ್, ಮೈಕೋಫಿನೊಲೇಟ್, ಸೈಕ್ಲೋಫಾಸ್ಫಮೈಡ್, ಟ್ಯಾಕ್ರೊಲಿಮಸ್, ರಿಟುಕ್ಸಿಮ್ಯಾಬ್ ಮೊದಲಾದ ಬೇರೆ ಮದ್ದುಗಳಿವೆ. ಯಾವುದನ್ನು ಎಂದು ಕೊಡಬೇಕೆಂಬುದು ತಜ್ಞರ ವಿವೇಚನೆಗೆ ಸೇರಿದುದು. ಮರದ ನೆರಳನ್ನು ಕಂಡು ಹೆದರಿ ಮರವನ್ನೇ ಕಡಿಯುವುದು ವಿವೇಕವಲ್ಲ.

ಮರುಕಳಿಸುವುದೆಂದರೆ ಸೋಲಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮದ್ದಿಗೆ ಬಗ್ಗಿದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ರೋಗ ಒಮ್ಮೆಯಾದರೂ ಹಿಂದಿರುಗಿ ಬರುತ್ತದೆ; ಬಹಳ ಸಲ ಒಂದು ನೆಗಡಿಯೇ ಅದಕ್ಕೆ ನೆಪವಾಗುತ್ತದೆ. ಆದರೆ ಹೆಚ್ಚಿನ ಮಕ್ಕಳು ಹದಿಹರೆಯ ಕಳೆಯುವಷ್ಟರಲ್ಲಿ ಇದರಿಂದ ಪಾರಾಗುತ್ತಾರೆ, ಅವರ ಮೂತ್ರಪಿಂಡಗಳಿಗೆ ಶಾಶ್ವತ ಊನವೂ ಆಗುವುದಿಲ್ಲ. ಇದು ವರ್ಷಗಳ ಪ್ರಯಾಣ. ಈ ಪ್ರಯಾಣದಲ್ಲಿ ಮನೆಯವರ ಕೈಯಲ್ಲಿರಬೇಕಾದ ದೀಪವೆಂದರೆ ಬೆಳಗಿನ ಮೂತ್ರಪರೀಕ್ಷೆ ಮತ್ತು ಒಂದು ದಿನಚರಿ. ಔಷಧಿ ಅಂಗಡಿಯಲ್ಲಿ ದೊರೆಯುವ ಪರೀಕ್ಷಾಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಅದರ ಬಣ್ಣ ನೋಡಬಹುದು. ಪಟ್ಟಿ ದೊರೆಯದಿದ್ದರೆ ಗಾಜಿನ ನಳಿಗೆಯಲ್ಲಿ ಮೂತ್ರದ ಮೇಲ್ಭಾಗವನ್ನು ಕಾಯಿಸಿ, ಮೂಡಿದ ಮಬ್ಬು ಕೆಲವು ತೊಟ್ಟು ಅಸಿಟಿಕ್ ಆಮ್ಲ ಹಾಕಿದರೂ ಕರಗದಿದ್ದರೆ ಆಲ್ಬುಮಿನ್ ಇದೆಯೆಂದು ತಿಳಿಯಬಹುದು. ಮೂರು ದಿನ ಸತತವಾಗಿ ಮೂರು ಅಥವಾ ನಾಲ್ಕು ಗುರುತು ಬಂದರೆ ರೋಗ ಮರುಕಳಿಸಿತೆಂದೇ ಅರ್ಥ. ಮೂರು ದಿನ ಸತತವಾಗಿ ಏನೂ ಕಾಣದಿದ್ದರೆ, ಇಲ್ಲವೆ ಸುಳಿವು ಮಾತ್ರ ಕಂಡರೆ, ಶಮನವಾಯಿತೆಂದು ಅರ್ಥ. ಬಾವು ಬರುವ ಮೊದಲೇ ಈ ಪರೀಕ್ಷೆ ಎಚ್ಚರಿಸುತ್ತದೆ. ಹಾಲಿನ ಲೆಕ್ಕವನ್ನೂ ವಿದ್ಯುತ್ತಿನ ಲೆಕ್ಕವನ್ನೂ ತಪ್ಪದೆ ಬರೆದಿಡುವ ಮನೆಗಳು ಮಗುವಿನ ಪ್ರಾಣದ ಲೆಕ್ಕವನ್ನು ಬರೆದಿಡಲಾರವೆ?

ಮೂರನೆಯ ಅವಿವೇಕ ಪಥ್ಯದ ಹೆಸರಿನಲ್ಲಿ ನಡೆಯುವುದು. ಮೂತ್ರಪಿಂಡವೆಂಬ ಮಾತು ಕಿವಿಗೆ ಬಿದ್ದೊಡನೆ ಅನೇಕರಿಗೆ ಕಲ್ಲಿನ ನೆನಪಾಗುತ್ತದೆ. ಬಾಳೆದಿಂಡಿನ ರಸ, ಎಳನೀರು, ನೆಗ್ಗಿಲುಮುಳ್ಳಿನ ಕಷಾಯ ಸಾಲಾಗಿ ಬರುತ್ತವೆ. ಕಲ್ಲು ಬೇರೆ, ಈ ರೋಗ ಬೇರೆ. ಬಾವಿರುವಾಗ ನೀರಿಗೆ ಮಿತಿಯನ್ನು ವೈದ್ಯರೇ ಹಾಕಿರಬಹುದು. ಮೂತ್ರಪಿಂಡವು ನಿಜವಾಗಿ ಸೋತ ಮಗುವಿಗಾದರೋ ಎಳನೀರಿನಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೇ ಅಪಾಯಕಾರಿ. ಇನ್ನು ಕೆಲವರು ಬೇಳೆ, ಹಾಲು, ಮೊಟ್ಟೆಗಳನ್ನೆಲ್ಲ ನಿಲ್ಲಿಸಿ ಮಗುವನ್ನು ಗಂಜಿಗೆ ಇಳಿಸುತ್ತಾರೆ. ಆಲ್ಬುಮಿನ್ ಸೋರಿಹೋಗುತ್ತಿರುವ ಬೆಳೆಯುವ ದೇಹಕ್ಕೆ ವಯಸ್ಸಿಗೆ ತಕ್ಕಷ್ಟು ಸಸಾರಜನಕ ಬೇಕೇ ಬೇಕು. ಅದನ್ನು ಕಸಿಯುವುದು ಉಪವಾಸ ಹಾಕಿದಂತೆಯೇ. ತಗ್ಗಿಸಬೇಕಾದುದು ಉಪ್ಪು, ಅದೂ ಮುಖ್ಯವಾಗಿ ಬಾವಿರುವ ಕಾಲದಲ್ಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ತಿಂಡಿ ಇವುಗಳನ್ನು ದೂರವಿಡಬೇಕು. ಸೈಂಧವ ಲವಣ ಹಾಕಿದರೆ ದೋಷವಿಲ್ಲವೆಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಸೈಂಧವವೂ ಬಹುಪಾಲು ಅದೇ ಉಪ್ಪು, ಬಣ್ಣ ಮಾತ್ರ ಬೇರೆ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಅದರ ಬದಲು ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಅದನ್ನೂ ಬಳಸಬಾರದು. ಎಲ್ಲಕ್ಕಿಂತ ಮೇಲಾಗಿ, ನಾಲ್ಕು ವರ್ಷದ ಕೂಸನ್ನು ಬೇರೆ ಕೂಡಿಸಿ ಸಪ್ಪೆ ಅನ್ನ ಹಾಕಿ ಉಳಿದವರು ಘಮಘಮಿಸುವ ಸಾರು ಉಣ್ಣುವುದು ಪಥ್ಯವಲ್ಲ, ದಂಡನೆ. ಮನೆಯ ಅಡಿಗೆಯಲ್ಲಿಯೇ ಎಲ್ಲರಿಗೂ ಉಪ್ಪು ಕಡಿಮೆಯಾಗಲಿ. ಹಿರಿಯರ ರಕ್ತದೊತ್ತಡಕ್ಕೂ ಅದರಿಂದ ಹಿತವೇ ಆದೀತು.

ನಾಲ್ಕನೆಯದು ತಾಯಿಯ ಮೇಲಣ ಅನ್ಯಾಯ. ಬಸುರಿಯಾಗಿದ್ದಾಗ ಏನು ತಿಂದಳೋ, ಗ್ರಹಣದ ದಿನ ಎಲ್ಲಿ ತಿರುಗಿದಳೋ, ಯಾವ ವ್ರತ ಬಿಟ್ಟಳೋ ಎಂಬ ಪ್ರಶ್ನೆಗಳು ನ್ಯಾಯಾಲಯದ ಪಾಟೀಸವಾಲಿನಂತೆ ನಡೆಯುತ್ತವೆ. ಸಾಧಾರಣವಾದ ಈ ರೋಗಕ್ಕೂ ಬಸುರಿನ ಊಟಕ್ಕೂ ಯಾವ ಸಂಬಂಧವೂ ಸಿದ್ಧವಾಗಿಲ್ಲ. ಮದ್ದಿಗೆ ಬಗ್ಗದ ಕೆಲವು ಮಕ್ಕಳಲ್ಲಿ ವಂಶಾಣುವಿನ ದೋಷವಿರುವುದು ನಿಜ. ಆದರೆ ಅವುಗಳಲ್ಲಿ ಹಲವು ತಂದೆ ತಾಯಿ ಇಬ್ಬರಿಂದಲೂ ಸಮಭಾಗವಾಗಿ ಬಂದುವು. ಒಂದೇ ಮನೆತನದೊಳಗೆ ನಡೆಯುವ ರಕ್ತಸಂಬಂಧದ ವಿವಾಹಗಳಲ್ಲಿ ಅಂಥವು ಕೂಡಿಬರುವ ಸಂಭವ ಹೆಚ್ಚು. ಆ ವಿವಾಹವನ್ನು ಕೂಡಿಸಿದವರು ಬಹುತೇಕ ಈ ಪ್ರಶ್ನೆಗಳನ್ನು ಕೇಳುವ ಹಿರಿಯರೇ! ಮದ್ದಿನ ಹೊತ್ತು, ಮೂತ್ರದ ಪಟ್ಟಿ, ಆಸ್ಪತ್ರೆಯ ಸರದಿ, ರಾತ್ರಿಯ ಜಾಗರಣೆ, ಮಗುವಿನ ಸಿಡುಕು, ಇಷ್ಟನ್ನೂ ಹೊರುವವಳು ತಾಯಿ. ಮೇಲೆ ಅಪವಾದವನ್ನೂ ಹೊರಬೇಕು. ಮದ್ದಿಗೆ ಬಗ್ಗದೆ ಮೂತ್ರಪಿಂಡಗಳು ಕೊನೆಗೆ ಸೋತುಹೋದ ಮಗುವಿಗೆ ಮೂತ್ರಪಿಂಡವನ್ನು ಕಸಿಮಾಡಬೇಕಾಗಿ ಬಂದಾಗಲೂ ಮುಂದೆ ಬರುವವಳು ಅನೇಕವೇಳೆ ಅವಳೇ. ಭಾರತದಲ್ಲಿ ಬದುಕಿದ್ದಾಗಲೇ ಅಂಗವನ್ನು ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ದೋಷಿಯೆಂದು ಹೆಸರು ಹೊತ್ತವಳೇ ದಾನಿಯೂ ಆಗಬೇಕೆಂಬುದು ಯಾವ ಧರ್ಮಶಾಸ್ತ್ರದ ನ್ಯಾಯ? ತಂದೆಯಾದವನು ಬೆಳಗಿನ ಪರೀಕ್ಷೆಯನ್ನೂ ದಿನಚರಿಯನ್ನೂ ತನ್ನ ಕೈಗೆ ತೆಗೆದುಕೊಂಡು, ಆಸ್ಪತ್ರೆಗೆ ರಜೆ ಹಾಕಿ ಹೋಗಲಿ. ಅಷ್ಟಾದರೆ ಮನೆಯ ಮಾತಿನ ಧಾಟಿಯೇ ಬದಲಾದೀತು. ತನ್ನ ಕಣ್ಣಿನಿಂದ ಪಟ್ಟಿಯ ಹಸುರು ಬಣ್ಣವನ್ನು ನೋಡಿದವನು ಗ್ರಹಣದ ಮಾತನ್ನಾಡಲಾರನು.

ಐದನೆಯದು ಮಗುವನ್ನು ಬಚ್ಚಿಡುವುದು. ಇದು ಅಂಟುರೋಗವಲ್ಲ. ಬಾವು ಇಳಿದ ಮೇಲೆ ಮಗು ಶಾಲೆಗೆ ಹೋಗಬಹುದು, ಓಡಬಹುದು, ಆಡಬಹುದು. ಆದರೂ ನೆಂಟರಿಷ್ಟರಿಗೆ ತಿಳಿದರೆ ಹೆಸರು ಕೆಟ್ಟೀತು, ಹೆಣ್ಣುಮಗುವಾದರೆ ನಾಳೆ ಸಂಬಂಧ ಕೂಡಿಬರಲಾರದು ಎಂಬ ಭಯದಿಂದ ಶಾಲೆಯನ್ನು ಬಿಡಿಸುವವರುಂಟು. ಉಪಾಧ್ಯಾಯರಿಗೆ ಹೇಳದೆ ಮುಚ್ಚಿಡುವವರುಂಟು. ಮುಚ್ಚಿಟ್ಟುದರ ಫಲವನ್ನು ಅನುಭವಿಸುವುದು ಮಗು. ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿರುವ ಮಗುವಿನ ಪಕ್ಕದಲ್ಲಿ ಕುಳಿತ ಹುಡುಗನಿಗೆ ಸೀತಾಳೆ ಸಿಡುಬು ಎದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು; ಆ ಮಗುವಿಗೆ ಅದು ಮಾರಕವಾಗಬಲ್ಲುದು. ಅಮ್ಮ ಬಂದಿದ್ದಾಳೆಂದು ಮದ್ದು ಬಿಟ್ಟು ಬೇವಿನ ಸೊಪ್ಪಿನ ಮೇಲೆ ಮಲಗಿಸುವ ಕಾಲ ಇದಲ್ಲ. ವಿಷಯ ತಿಳಿಯದ ಉಪಾಧ್ಯಾಯರು ಮನೆಗೆ ಸುದ್ದಿ ಕಳುಹಿಸುವುದಾದರೂ ಹೇಗೆ? ಉರುಟುಮುಖವನ್ನು ಕಂಡು ನಗುವ ಜೊತೆಯವರನ್ನು ತಡೆಯುವುದಾದರೂ ಹೇಗೆ? ಚುಚ್ಚುಮದ್ದುಗಳ ವಿಷಯದಲ್ಲಿಯೂ ಹೀಗೆಯೇ. ನ್ಯೂಮೋಕಾಕಸ್ ಲಸಿಕೆ ಇಂಥ ಮಗುವಿಗೆ ಅವಶ್ಯ. ಜೀವಂತ ಲಸಿಕೆಗಳನ್ನು ಮಾತ್ರ ಹೆಚ್ಚಿನ ಪ್ರಮಾಣದ ಮದ್ದು ನಡೆಯುತ್ತಿರುವಾಗ ಕೊಡಬಾರದು. ಹೊಟ್ಟೆ ಊದಿದ ಮಗುವಿಗೆ ಜ್ವರವೂ ಹೊಟ್ಟೆನೋವೂ ಕೂಡಿಬಂದರೆ ಓಮದ ನೀರು ಕುಡಿಸುತ್ತ ಕೂಡಬಾರದು. ಅದು ಉದರಪೊರೆಯ ಸೋಂಕಾಗಿರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲ ತಪ್ಪನ್ನೂ ಮನೆಗಳ ಮೇಲೆ ಹೊರಿಸುವುದು ನ್ಯಾಯವಲ್ಲವೆನ್ನುವವರ ಮಾತಿನಲ್ಲಿ ಹುರುಳಿದೆ. ಮಕ್ಕಳ ಮೂತ್ರಪಿಂಡ ತಜ್ಞರು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿಯೇ ನೆರೆದಿದ್ದಾರೆ. ಜಿಲ್ಲೆಯ ಮಗುವಿಗೆ ರಾತ್ರಿಯ ಬಸ್ಸೇ ಗತಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ತೊಂದರೆಗಳನ್ನು ಹುಡುಕಲು ಹೊರಟಿತು. ಹಲ್ಲು, ಕಿವಿ, ಹೃದಯ, ಚರ್ಮ ಎಲ್ಲಕ್ಕೂ ಆ ಪಟ್ಟಿಯಲ್ಲಿ ಸ್ಥಳ ದೊರೆಯಿತು, ಮೂತ್ರಪಿಂಡಕ್ಕೆ ದೊರೆಯಲಿಲ್ಲ. ಲೋಕವೆಲ್ಲ ಆಚರಿಸುವ ಮೂತ್ರಪಿಂಡ ದಿನಕ್ಕೆ 2016ರಲ್ಲಿ ಮಕ್ಕಳ ಮೂತ್ರಪಿಂಡರೋಗವನ್ನೇ ವಿಷಯವಾಗಿಟ್ಟು ಮೊದಲೇ ಎಚ್ಚರಗೊಳ್ಳಿರೆಂದು ಸಾರಿದರು. ಒಂದು ದಿನದ ಭಾಷಣದಿಂದ ಪರೀಕ್ಷಾಪಟ್ಟಿ ಹಳ್ಳಿಯನ್ನು ಮುಟ್ಟುವುದಿಲ್ಲ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಮೂತ್ರಪರೀಕ್ಷೆಯ ಪಟ್ಟಿಯೂ ಪ್ರೆಡ್ನಿಸೊಲೋನ್ ಗುಳಿಗೆಯೂ ಮಗುವಿನ ತೋಳಿಗೆ ಹೊಂದುವ ರಕ್ತದೊತ್ತಡದ ಪಟ್ಟಿಯೂ ಸದಾ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ಮಕ್ಕಳಿಗಾಗಿ ಪ್ರತ್ಯೇಕ ದಿನವನ್ನು ಗೊತ್ತುಮಾಡಬೇಕು. ಇವನ್ನು ಕೇಳಿ ಪಡೆಯುವ ನಾಲಗೆ ಯಾರಿಗಿದೆ? ಅರ್ಜಿ ಬರೆಯಬಲ್ಲ, ಸಭೆಯಲ್ಲಿ ಎದ್ದು ನಿಲ್ಲಬಲ್ಲ ಸುಶಿಕ್ಷಿತರಿಗೇ ಇದೆ. ಅವರೇ ತಮ್ಮ ಮಗುವಿನ ರೋಗವನ್ನು ನೆರೆಹೊರೆಗೆ ಮುಚ್ಚಿಟ್ಟರೆ ಸರಕಾರಕ್ಕೆ ಅದು ಕಾಣುವುದೆಂತು?

ಇಷ್ಟೆಲ್ಲ ಮಾತಿನ ನಡುವೆ ಮರೆಯಾಗುವ ಒಬ್ಬರಿದ್ದಾರೆ; ಅದು ಮಗುವೇ. ತನಗೆ ಪ್ರತಿದಿನ ಕಹಿಗುಳಿಗೆ ಏಕೆ, ತನ್ನ ಉಚ್ಚೆಯನ್ನು ದೊಡ್ಡವರು ಏಕೆ ನೋಡುತ್ತಾರೆ, ತನ್ನ ಮುಖ ಏಕೆ ಹೀಗಾಯಿತು ಎಂದು ನಾಲ್ಕು ವರ್ಷದ ಮಗು ಯೋಚಿಸದೆ ಇರುವುದಿಲ್ಲ. ದೊಡ್ಡವರ ಪಿಸುಮಾತನ್ನು ಕೇಳಿ, ತಾನೇನೋ ತಪ್ಪು ಮಾಡಿದ್ದೇನೆಂದು ಅದು ನಂಬುತ್ತದೆ. ಅದಕ್ಕೆ ತಿಳಿಯುವ ಮಾತಿನಲ್ಲಿ ಸತ್ಯವನ್ನೇ ಹೇಳಬೇಕು: ಹೊಟ್ಟೆಯೊಳಗೆ ಒಂದು ಜರಡಿಯಿದೆ, ಅದರ ಕಣ್ಣು ಸ್ವಲ್ಪ ದೊಡ್ಡದಾಗಿದೆ, ಈ ಗುಳಿಗೆ ಅದನ್ನು ಸರಿಮಾಡುತ್ತದೆ, ಇದರಲ್ಲಿ ನಿನ್ನ ತಪ್ಪೂ ಇಲ್ಲ, ಅಮ್ಮನ ತಪ್ಪೂ ಇಲ್ಲ. ಪಟ್ಟಿಯನ್ನು ಅದರ ಕೈಗೇ ಕೊಟ್ಟು ಬಣ್ಣ ಹೇಳಿಸಬಹುದು. ಹಳದಿ ಬಣ್ಣ ಹಾಗೆಯೇ ಉಳಿದ ದಿನ ಅದರ ಮುಖ ಅರಳುವುದನ್ನು ಮನೆಯವರೆಲ್ಲರೂ ನೋಡಬಹುದು.

ವಿದ್ಯೆಯಿಂದ ಬರಬೇಕಾದುದು ವಿನಯವೆಂದು ಹಿರಿಯರು ಹೇಳಿದ್ದಾರೆ. ತನಗೆ ತಿಳಿಯದುದನ್ನು ತಿಳಿದವರಿಂದ ಕೇಳುವುದು, ಕೇಳಿದುದನ್ನು ಕೊನೆಯವರೆಗೆ ನಡೆಸುವುದು, ಆ ಭಾರವನ್ನು ಒಬ್ಬಳ ತಲೆಯ ಮೇಲೆ ಹಾಕದೆ ಹಂಚಿಕೊಳ್ಳುವುದು, ಇಷ್ಟನ್ನೂ ಕಲಿಸದ ವಿದ್ಯೆಯಿಂದ ಕಾಯಿಲೆಯ ಮಗುವಿಗೆ ಏನೂ ಲಾಭವಿಲ್ಲ. ಈ ರೋಗ ಬಂದ ಮಗುವನ್ನು ಬದುಕಿಸುವ ಮದ್ದು ಅಂಗಡಿಯಲ್ಲಿದೆ, ಅಗ್ಗವಾಗಿದೆ. ಅದನ್ನು ದಿನ ತಪ್ಪದೆ, ಹೊತ್ತು ಮೀರದೆ, ನಗುಮುಖದಿಂದ ಕೊಡುವ ಮನೆ ಮಾತ್ರ ಬೇಕಾಗಿದೆ.